ಮಳೆ ಹಿಡಿದ ಮೇಲೆ ಕೋಳಿಗಳ ಮೊಟ್ಟೆ ಕಡಿಮೆಯಾಗಿದೆ

ಪ್ರಶ್ನೆ (ಪೆರ್ಲ): ಡಾಕ್ಟರೇ, ನಮಸ್ಕಾರ. ಪಂಚಾಯತಿನಿಂದ ಸಿಕ್ಕಿದ ಹನ್ನೆರಡು ಹೇಂಟೆಗಳಿವೆ, ಹತ್ತು ತಿಂಗಳ ಪ್ರಾಯ. ಮೇ ಕೊನೆಯವರೆಗೆ ದಿನಕ್ಕೆ ಎಂಟೊಂಬತ್ತು ಮೊಟ್ಟೆ ಸಿಗುತ್ತಿತ್ತು. ಈಗ ಮೂರೋ ನಾಲ್ಕೋ, ಅದರಲ್ಲೂ ಕೆಲವು ಕೈಯಲ್ಲಿ ಹಿಡಿದರೆ ಒಡೆಯುವಷ್ಟು ತೆಳು. ಬೆಳಿಗ್ಗೆ ಉಳಿದ ಅನ್ನ, ಸಂಜೆ ಅಕ್ಕಿ, ತೆಂಗಿನ ಹಿಂಡಿ ಹಾಕುತ್ತೇನೆ. ಗೂಡು ಅಡಿಕೆ ತೋಟದ ಬದಿಯಲ್ಲಿದೆ. ಟಾನಿಕ್ ಕೊಡಲೇ?

ಉತ್ತರ (ಪಶುವೈದ್ಯರು): ಟಾನಿಕ್ ಬೇಡ. ನೀವು ಬರೆದದ್ದರಲ್ಲೇ ಕಾರಣ ಇದೆ. ಅನ್ನದಿಂದ ಹೊಟ್ಟೆ ತುಂಬುತ್ತದೆ, ಮೊಟ್ಟೆ ಆಗುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆಗ ಕೋಳಿ ತನ್ನ ಎಲುಬಿನಿಂದಲೇ ತೆಗೆಯುತ್ತದೆ, ಕೊನೆಗೆ ಮೊಟ್ಟೆಯನ್ನೇ ನಿಲ್ಲಿಸುತ್ತದೆ. ಲೇಯರ್ ಫೀಡ್ (ಮೊಟ್ಟೆಯಿಡುವ ಕೋಳಿಗಳ ಸಿದ್ಧ ಆಹಾರ) ತಂದು ಒಂದಕ್ಕೆ ದಿನಕ್ಕೆ 100–110 ಗ್ರಾಂ ಕೊಡಿ. ಅನ್ನ ಒಂದು ಹಿಡಿ ಸಾಕು. ಹೊಳೆಯ ಕಪ್ಪೆಚಿಪ್ಪನ್ನು ತೊಳೆದು ಒಣಗಿಸಿ, ಒರಟಾಗಿ ಕುಟ್ಟಿ, ಸಂಜೆ ಬೇರೆ ಪಾತ್ರೆಯಲ್ಲಿಡಿ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ. ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ಮಾತ್ರ ದಯವಿಟ್ಟು ಹಾಕಬೇಡಿ, ಬಾಯಿ, ಕರುಳು ಸುಡುತ್ತದೆ. ತೆಂಗಿನ ಹಿಂಡಿಯನ್ನು ಮೂಸಿ ನೋಡಿ. ಮಳೆಗಾಲದ ಥಂಡಿಗೆ ಬೂಷ್ಟು ಬಂದಿದ್ದರೆ ಎಸೆದುಬಿಡಿ.

ಇನ್ನೊಂದು, ಬೆಳಕು. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಜೂನ್‌ನಲ್ಲೂ ಹಗಲು ಹದಿಮೂರು ಗಂಟೆ ಮುಟ್ಟುವುದಿಲ್ಲ. ಮೇಲೆ ಮೋಡ, ಕೆಳಗೆ ಕಂಗಿನ (ಅಡಿಕೆ ಮರದ) ನೆರಳು. ಗೂಡಿನಲ್ಲಿ ಒಂದು ಸಣ್ಣ ಎಲ್‌ಇಡಿ ಬಲ್ಬ್ ಹಾಕಿ, ಬೆಳಗಿನ ಜಾವ ಉರಿಸಿ. ರಾತ್ರಿ ಥಟ್ಟನೆ ಆರಿಸಿದರೆ ಕೋಳಿಗಳು ಕತ್ತಲಲ್ಲಿ ಅಟ್ಟಣೆ ಹತ್ತಲಾರದೆ ಒದ್ದಾಡುತ್ತವೆ. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ.

ಯಾವುದು ಇಡುತ್ತಿದೆ ಎಂದು ಕೈಯಿಂದಲೇ ತಿಳಿಯಬಹುದು. ಕೋಳಿಯನ್ನು ಕಂಕುಳಲ್ಲಿ ಹಿಡಿದು, ಹಿಂದೆ ಮೊಟ್ಟೆ ಬರುವ ದ್ವಾರದ ಎರಡೂ ಬದಿಯ ಚೂಪು ಎಲುಬು ಮುಟ್ಟಿ. ನಡುವೆ ಎರಡು ಮೂರು ಬೆರಳು ಹಿಡಿಸಿದರೆ, ದ್ವಾರ ಅಗಲವಾಗಿ ಒದ್ದೆಯಾಗಿದ್ದರೆ ಅದು ಇಡುತ್ತಿದೆ. ಒಂದೇ ಬೆರಳು ಹಿಡಿಸಿದರೆ ನಿಲ್ಲಿಸಿದೆ.

ಪ್ರಶ್ನೆ (ಬದಿಯಡ್ಕ): ನಮ್ಮದೊಂದು ಕಾವಿಗೆ ಕೂತು ಏಳುವುದೇ ಇಲ್ಲ. ನೀರಿನಲ್ಲಿ ಮುಳುಗಿಸಿ ತೆಗೆ ಎಂದು ಅತ್ತೆ ಹೇಳುತ್ತಾರೆ.

ಉತ್ತರ: ಈ ಚಳಿಮಳೆಗೆ ಮುಳುಗಿಸಬೇಡಿ. ಅಡಿಯಲ್ಲಿ ಗಾಳಿಯಾಡುವ ತಂತಿಯ ಪಂಜರದಲ್ಲಿ ಮೂರು ನಾಲ್ಕು ದಿನ ಇಡಿ. ಹುಲ್ಲು ಹಾಸಬೇಡಿ. ಆಹಾರ, ನೀರು ಎಂದಿನಂತೆ ಇರಲಿ. ಹೊಟ್ಟೆಯ ಅಡಿ ತಂಪಾದರೆ ಕಾವು ಬಿಡುತ್ತದೆ.

ಪೆರ್ಲದವರು ಮತ್ತೆ: ಡಾಕ್ಟರೇ, ಮುಟ್ಟಿ ನೋಡಿದೆ. ಏಳಕ್ಕೆ ಮೂರು ಬೆರಳು ಹಿಡಿಸಿತು! ಏಳು ಇಡುತ್ತಿದ್ದರೆ ಉಳಿದ ಮೊಟ್ಟೆ ಎಲ್ಲಿ ಎಂದು ಹುಡುಕಿದೆ. ಕೊಟ್ಟಿಗೆಯ ಹಿಂದೆ ಅಡಿಕೆ ಹಾಳೆಯ ರಾಶಿಯಡಿ ಹನ್ನೊಂದು ಸಿಕ್ಕಿತು.

ಉತ್ತರ: ನನಗೂ ಸಂತೋಷವಾಯಿತು. ಅವನ್ನು ನೀರಿಗೆ ಹಾಕಿ, ತೇಲುವುದನ್ನು ಎಸೆಯಿರಿ. ನಾಲ್ಕೈದು ಕೋಳಿಗೆ ಒಂದರಂತೆ ಒಣಹುಲ್ಲು ಹಾಸಿದ ಬುಟ್ಟಿಯನ್ನು ಗೂಡಿನ ಕತ್ತಲೆ ಮೂಲೆಯಲ್ಲಿಡಿ. ಎರಡು ವಾರ ಬೆಳಿಗ್ಗೆ ಹನ್ನೊಂದರ ಮೊದಲು ಹೊರಗೆ ಬಿಡಬೇಡಿ. ಆ ಹಾಳೆಗಳನ್ನೂ ಇಂದೇ ತೆಗೆಸಿ, ಮೊಟ್ಟೆಯ ವಾಸನೆಗೆ ಹಾವು ಬರುತ್ತದೆ.