ನಿಖಿಲನ ಕಾರಿಗೆ ಟಾಪ್ ಇರಬೇಕೋ ಬೇಡವೋ

‘ಹೊಳೆನರಸೀಪುರ ಮನೆ’ ವಾಟ್ಸಾಪ್ ಗುಂಪು, ಶನಿವಾರ

ನಿಖಿಲ್: (ಎರಡು ಫೋಟೊ)

ನಿಖಿಲ್: ಕೊನೆಗೂ ಕಾರು ತಗೊಳ್ಳುತ್ತಿದ್ದೇನೆ. ಕೆಂಪು ಗಾಡಿ ಮಾಜ್ದಾ ಎಂಎಕ್ಸ್-5 ಮಿಯಾಟಾ, 2019ರ ಮಾಡೆಲ್, ಬಟ್ಟೆ ಟಾಪ್, ಹಿಂದಕ್ಕೆ ಮಡಚಬಹುದು. ಬೂದು ಬಣ್ಣದ್ದು ಟೊಯೋಟಾ ಜಿಆರ್86, 2022ರದ್ದು, ಕೂಪೆ, ಅಂದರೆ ತೆಗೆಯಲಾಗದ ಗಟ್ಟಿ ರೂಫ್ ಇರೋದು. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಮ್ಯಾನುಯಲ್ ಗೇರ್. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಯಾವುದು?

ಗೀತಾ: ಎರಡೇ ಸೀಟಾ? ನಾನೂ ನಿಮ್ಮಪ್ಪನೂ ಬಂದರೆ ಎಲ್ಲಿ ಕೂರೋದು?

ನಿಖಿಲ್: ಅಮ್ಮಾ, ಟೊಯೋಟಾದಲ್ಲಿ ಹಿಂದೆ ಎರಡು ಸೀಟಿದೆ.

ಕಾವ್ಯ: ಚಿಕ್ಕಮ್ಮ, ಅದಕ್ಕೆ ಸೀಟು ಅಂತ ಹೆಸರು ಅಷ್ಟೆ. ಆರಡಿ ಎರಡಿಂಚು ಉದ್ದದ ನಿಮ್ಮ ಮಗ ಮುಂದೆ ಕೂತರೆ ಹಿಂದೆ ಚೀಲ ಇಡಬಹುದು.

ಪ್ರಶಾಂತ್: ಮಿಯಾಟಾ. ಇದರಲ್ಲಿ ಕೇಳೋದೇನಿದೆ? ಕ್ಯಾಲಿಫೋರ್ನಿಯಾದಲ್ಲಿದ್ದು ಕೂಪೆ ತಗೊಳ್ಳೋದು, ಮೈಸೂರಲ್ಲಿದ್ದು ದಸರಾ ಟಿವಿಯಲ್ಲಿ ನೋಡಿದ ಹಾಗೆ.

ಕಾವ್ಯ: ಸ್ಟುಟ್‌ಗಾರ್ಟ್‌ನಲ್ಲಿ ಕೂತು ನಮ್ಮೂರ ಬಿಸಿಲು ಹೇಳಬೇಡ ಕಣೋ. ಫ್ರೀಮಾಂಟ್‌ನಲ್ಲಿ ಇರೋಳು ನಾನು.

ದೊಡ್ಡಪ್ಪ: ಶುಭೋದಯ. ಒಳ್ಳೆಯ ಆಲೋಚನೆಯೇ ದಿನದ ಮೊದಲ ಹೆಜ್ಜೆ.

ದೊಡ್ಡಪ್ಪ: ಮೈಲೇಜ್ ಎಷ್ಟು ಕೊಡುತ್ತದೆ?

ಪ್ರಶಾಂತ್: ಅಪ್ಪಾ, ಇದು ಮೈಲೇಜ್ ನೋಡಿ ತಗೊಳ್ಳೋ ಗಾಡಿ ಅಲ್ಲ.

ರಘು ಮಾವ: ನಿಖಿಲ್, ನನ್ನ ಓಟು ಕೂಪೆಗೆ. ಕಾರಣ ಹೇಳುತ್ತೇನೆ. ಮೂವತ್ತು ವರ್ಷ ಬಸ್ ಬಾಡಿ ಕಟ್ಟಿದವನು ನಾನು. ಬಾಡಿಯಲ್ಲಿ ಎಲ್ಲಿ ದೊಡ್ಡದಾಗಿ ಕೊಯ್ಯುತ್ತೀರೋ ಅದರ ಮೂಲೆಯಲ್ಲೇ ಮೊದಲು ಬಿರುಕು ಕಾಣೋದು. ಬಾಗಿಲಿನ ಮೂಲೆ, ಕಿಟಕಿ ಮೂಲೆ. ಕಾರಿನಲ್ಲಿ ರೂಫ್ ಸುಮ್ನೆ ನೆರಳಿಗೆ ಇರೋದಲ್ಲ. ಎರಡು ಕಡೆಯ ಕಂಬ, ಮುಂದೆ ಹಿಂದೆ ಅಡ್ಡಪಟ್ಟಿ, ಮೇಲಿನ ತಗಡು, ಎಲ್ಲ ಸೇರಿ ಬಾಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ರೂಫ್ ತೆಗೆದರೆ ಇಡೀ ಗಾಡಿ ಉದ್ದಕ್ಕೂ ತಿರುಚಿಕೊಳ್ಳುತ್ತದೆ. ಒಂದು ಚಕ್ರ ಹಳ್ಳಕ್ಕೆ ಇಳಿದರೆ ಸ್ಟಿಯರಿಂಗ್, ಡ್ಯಾಶ್‌ಬೋರ್ಡ್, ಮುಂದಿನ ಗಾಜಿನ ಫ್ರೇಮ್ ಮೂರೂ ಬೇರೆ ಬೇರೆಯಾಗಿ ನಡುಗುತ್ತವೆ. ಅದನ್ನು ತಡೆಯೋಕೆ ತಳಕ್ಕೆ ಕಬ್ಬಿಣ ಸೇರಿಸಬೇಕು. ಆಗ ತೂಕ ಜಾಸ್ತಿ.

ಪ್ರಶಾಂತ್: ಮಾವ, ನೀವು ಹೇಳಿದ್ದು ಕೂಪೆಯ ರೂಫ್ ಕೊಯ್ದು ಮಾಡಿದ ಗಾಡಿಗೆ ಸರಿ. ಮಿಯಾಟಾ ಹಾಗಲ್ಲ. ಅದು ಹುಟ್ಟಿದ್ದೇ ಓಪನ್ ಆಗಿ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದ ಮಾಜ್ದಾ ಸ್ಟುಡಿಯೋದವರು ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಬಟ್ಟೆ ಟಾಪ್ ಅಂತ ಹಟ ಹಿಡಿದರು. ಟೋಕಿಯೊ ತಂಡದವರು ಎಂಜಿನ್ ಮಧ್ಯದಲ್ಲಿಡೋ ಕಾರಿನ ಪ್ರಸ್ತಾಪವನ್ನೂ ತಂದಿದ್ದರು. ಗೆದ್ದದ್ದು ಅರ್ವೈನ್. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ತೋರಿಸಿದರು, 2016ರ ಹೊತ್ತಿಗೆ 10 ಲಕ್ಷ ಗಾಡಿ ಕಟ್ಟಿದ್ದರು. ಬಿಗಿತ ಬೇಕಾದದ್ದನ್ನೆಲ್ಲ ಬಾಗಿಲ ಕೆಳಗಿನ ಪಟ್ಟಿ, ಎರಡು ಸೀಟಿನ ನಡುವೆ ಉದ್ದಕ್ಕೆ ಹೋಗೋ ಟನಲ್ ಒಳಗೇ ಇಟ್ಟುಕೊಂಡಿದ್ದಾರೆ.

ಪ್ರಶಾಂತ್: ಇನ್ನು ತೂಕ. ಓಪನ್ ಮಿಯಾಟಾ ಸುಮಾರು 1060 ಕೆಜಿ. ನಿಮ್ಮ ಕೂಪೆ ಸುಮಾರು 1280. ಈಗ ಹೇಳಿ, ಯಾವುದು ಭಾರ?

ರಘು ಮಾವ: ಚಿಕ್ಕ ಗಾಡಿಯನ್ನು ದೊಡ್ಡ ಗಾಡಿ ಜೊತೆ ತೂಗಿದರೆ ಹಾಗೇ ಬರೋದು. ಆ ಟೊಯೋಟಾದಲ್ಲಿ 2.4 ಲೀಟರ್ ಎಂಜಿನ್, 228 ಎಚ್‌ಪಿ, ಹಿಂದೆ ಸೀಟು ಬೇರೆ. ಮಾಜ್ದಾ 181.

ರಘು ಮಾವ: ಇನ್ನೊಂದು ಮಾತು. 2013ರಲ್ಲಿ ಜಿನೀವಾ ಶೋಗೆ ಟೊಯೋಟಾ ಇದೇ 86ರ ಮೊದಲ ತಲೆಮಾರಿನ ರೂಫ್ ತೆಗೆದು ಒಂದು ಕಾರು ತಂದಿತ್ತು, ಎಫ್‌ಟಿ-86 ಓಪನ್ ಅಂತ. ಶೋಗೆ ಬಂತು, ಹೋಯಿತು. ಮಾರಾಟಕ್ಕೆ ಬರಲೇ ಇಲ್ಲ. ಅವರಿಗೇ ಬೇಡವಾಯಿತು ಅಲ್ವಾ?

ಪ್ರಶಾಂತ್: ಮಾಜ್ದಾದವರೂ 2003ರಲ್ಲಿ ಜಪಾನ್‌ಗೆ ಮಾತ್ರ ಮಿಯಾಟಾ ಕೂಪೆ ಮಾಡಿದ್ದರು. ಇನ್ನೂರು ಗಾಡಿಯೂ ಕಟ್ಟಲಿಲ್ಲ. ಅದಕ್ಕೇನಂತೀರಿ?

ರಘು ಮಾವ: ಅದೇ ನಾನು ಹೇಳೋದು. ಕೂಪೆಯಾಗಿ ಹುಟ್ಟಿದ್ದು ಕೂಪೆಯಾಗಿರಲಿ. ಹಾಗಾಗಿ ಇವನು ಕೇಳಬೇಕಾದ್ದು ರೂಫ್ ಪ್ರಶ್ನೆ ಅಲ್ಲ. ಎರಡು ಬೇರೆ ಬೇರೆ ಗಾಡಿಗಳ ಪ್ರಶ್ನೆ.

ಕಾವ್ಯ: ಮಾವ ಅಂದದ್ದು ಸರಿ. ನಿಖಿಲ್, ನೀನು ಆ ಗಾಡಿಯಲ್ಲಿ ಏನು ಮಾಡುತ್ತೀಯ ಅದನ್ನು ಮೊದಲು ಹೇಳು.

ನಿಖಿಲ್: ವಾರದ ದಿನ ಆಫೀಸು, 101 ಹೈವೇಯಲ್ಲಿ. ಶನಿವಾರ ಭಾನುವಾರ ವುಡ್‌ಸೈಡ್ ಕಡೆಯಿಂದ 84ನೇ ರಸ್ತೆ ಹತ್ತಿ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆ. ಆಮೇಲೆ ಕೆಳಗಿಳಿದು ಸಮುದ್ರದ ಬದಿಯ ಹೈವೇ 1.

ಕಾವ್ಯ: ಸ್ಕೈಲೈನ್ ಸರಿ. ಜೂನ್ ತಿಂಗಳಲ್ಲಿ ಹಾಫ್ ಮೂನ್ ಬೇಗೆ ಇಳಿದು ನೋಡು, ಮಧ್ಯಾಹ್ನ ಹನ್ನೆರಡಕ್ಕೂ ಮಂಜು. ಟಾಪ್ ಹಾಕಿ ಹೀಟರ್ ಹಚ್ಚುತ್ತೀಯ. 101ರಲ್ಲಿ ಪಕ್ಕದಲ್ಲೊಂದು ಟ್ರಕ್ ಬಂದರೆ ಟಾಪ್ ಹಾಕಿದ್ದರೂ ಫೋನ್‌ನಲ್ಲಿ ಮಾತು ಕೇಳಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆಗೆ ಇಲ್ಲಿ ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂಥ ದಿನಗಳಲ್ಲಿ ಏನು ಮಾಡುತ್ತೀಯ?

ಪ್ರಶಾಂತ್: ಟಾಪ್ ಮುಚ್ಚುತ್ತಾನೆ ಕಣೆ. ಅದು ಮುಚ್ಚೋಕೂ ಬರುತ್ತದೆ! ಗಾಜಿನ ಮೇಲಂಚಿನ ನಡುವೆ ಒಂದೇ ಒಂದು ಲಾಚ್. ಸಿಗ್ನಲ್‌ನಲ್ಲಿ ನಿಂತಾಗ ಅದನ್ನು ಬಿಚ್ಚಿ, ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿ, ಟಪ್ ಅಂತ ಕೂರೋವರೆಗೆ ಒತ್ತಿದರೆ ಮುಗಿಯಿತು. ಮೋಟಾರ್ ಇಲ್ಲ, ಕೆಡೋಕೆ ಏನೂ ಇಲ್ಲ. ಗಟ್ಟಿ ಟಾಪ್ ಬೇಕಾದರೆ ಅದರಲ್ಲೇ ಆರ್‌ಎಫ್ ಅಂತ ಸಿಗುತ್ತದೆ. ಅದಕ್ಕೆ ಮೋಟಾರ್ ಇದೆ, ಸುಮಾರು 13 ಸೆಕೆಂಡು ತಗೊಳ್ಳುತ್ತದೆ, ತೂಕ 50 ಕೆಜಿಯಷ್ಟು ಜಾಸ್ತಿ. ನನಗೆ ಕೇಳಿದರೆ ಬಟ್ಟೆಯದೇ ಚೆನ್ನ.

ಸುಮಾ ಅತ್ತೆ: ಪಲ್ಟಿ ಆದರೆ?

ಸುಮಾ ಅತ್ತೆ: ಇಷ್ಟುದ್ದ ಬರೆದಿರಿ, ಯಾರೂ ಈ ಮಾತು ಎತ್ತಲಿಲ್ಲ.

ಗೀತಾ: ಅಯ್ಯೋ ಸುಮಾ, ನಾನೂ ಅದನ್ನೇ ಯೋಚಿಸುತ್ತಿದ್ದೆ.

ಪ್ರಶಾಂತ್: ಅತ್ತೆ, ಈ ಭಯ ಹಳೆಯದು. ಅಮೆರಿಕ ಸರ್ಕಾರ ಓಪನ್ ಕಾರುಗಳನ್ನೇ ನಿಲ್ಲಿಸಿಬಿಡುತ್ತದೆ ಅಂತ ಅರವತ್ತು ಎಪ್ಪತ್ತರ ದಶಕದಲ್ಲಿ ಕಂಪನಿಗಳೆಲ್ಲ ಹೆದರಿದ್ದವು. ಪೋರ್ಷೆಯವರು 1965ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 911 ಟಾರ್ಗಾ ತೋರಿಸಿದ್ದೇ ಆ ಲೆಕ್ಕದಲ್ಲಿ. ಟಾಪ್ ತೆಗೆಯಬಹುದು, ಆದರೆ ಸೀಟಿನ ಹಿಂದೆ, ಪಲ್ಟಿಯಾದರೆ ತಲೆ ಕಾಯೋ ದಪ್ಪ ರೋಲ್ ಬಾರ್ ಹಾಗೇ ಇರುತ್ತದೆ. 1976ರ ಕ್ಯಾಡಿಲಾಕ್ ಎಲ್ಡೊರಾಡೋವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ (ಟಾಪ್ ಮಡಚೋ ಕಾರು) ಅಂತಲೇ ಮಾರಿದರು. ಆ ನಿಷೇಧ ಬರಲೇ ಇಲ್ಲ. ಈಗ ಮುಂದಿನ ಗಾಜಿನ ಫ್ರೇಮ್‌ಗೆ ಗಟ್ಟಿ ಸ್ಟೀಲ್ ಹಾಕುತ್ತಾರೆ.

ಸುಮಾ ಅತ್ತೆ: ಹಿಂದೆ ಕಂಬ ಇದೆಯಾ ಇಲ್ವಾ? ಅಷ್ಟು ಹೇಳು ಸಾಕು.

ಪ್ರಶಾಂತ್: ಇದೆ. ಚಿಕ್ಕದು.

ಸುಮಾ ಅತ್ತೆ: ಸರಿ.

(ಆ ‘ಸರಿ’ ಓದಿದವರಿಗೆಲ್ಲ ಅತ್ತೆಯ ಓಟು ಯಾವ ಕಡೆ ಹೋಯಿತು ಅಂತ ಗೊತ್ತಾಗಿರುತ್ತದೆ.)

ದೊಡ್ಡಪ್ಪ: ನಮ್ಮಲ್ಲೂ ಇತ್ತು ಓಪನ್ ಸ್ಪೋರ್ಟ್ಸ್ ಕಾರು. ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಕಂಪನಿ, ಗೋವಾದಲ್ಲಿ ಕಟ್ಟುತ್ತಿದ್ದರು. ಎಂ.ಜಿ. ರೋಡಿನಲ್ಲಿ ಒಂದು ನಿಂತಿತ್ತು. ಜನ ಸುತ್ತ ನಿಂತು ಒಳಗೆ ಇಣುಕುತ್ತಿದ್ದರು.

ರಘು ಮಾವ: ಹೌದು ಭಾವ. ಫೈಬರ್ ಬಾಡಿ, 1.2 ಲೀಟರ್ ರೆನೊ ಎಂಜಿನ್, 60 ಎಚ್‌ಪಿ.

ದೊಡ್ಡಪ್ಪ: ಆಗ ತಗೊಳ್ಳಬೇಕಿತ್ತು.

ಕಾವ್ಯ: ಅಪ್ಪಾ, ಆಗ ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು.

ಪ್ರಶಾಂತ್: ಪೋರ್ಷೆ ಮಾತು ಬಂತಲ್ಲ, ಒಂದು ಸಂಗತಿ ಹೇಳಿಬಿಡುತ್ತೇನೆ. ಬಾಕ್ಸ್‌ಸ್ಟರ್ 1996ರಲ್ಲೇ ಬಂತು. ಅದಕ್ಕೆ ರೂಫ್ ಹಾಕಿ ಕೇಮನ್ ಮಾಡಿದ್ದು 2005ರಲ್ಲಿ. ಎಷ್ಟೋ ವರ್ಷ ಕೇಮನ್‌ಗೆ ಬೆಲೆ ಜಾಸ್ತಿ ಇಟ್ಟಿದ್ದರು, ಅದೇ ‘ನಿಜವಾದ’ ಸ್ಪೋರ್ಟ್ಸ್ ಕಾರು ಅನ್ನೋ ಹಾಗೆ. 2016ರಲ್ಲಿ 718 ಅಂತ ಹೆಸರಿಟ್ಟಾಗ ಲೆಕ್ಕ ತಿರುಗಿಸಿದರು. ಬಾಕ್ಸ್‌ಸ್ಟರ್ ಮೇಲೆ, ಕೇಮನ್ ಕೆಳಗೆ. ಜನ ದುಡ್ಡು ಕೊಡೋದು ಯಾವುದಕ್ಕೆ ಅಂತ ಅವರಿಗೂ ಅರ್ಥವಾಯಿತು.

ರಘು ಮಾವ: ಅಥವಾ ಮಡಚೋ ಟಾಪ್‌ಗೆ ಖರ್ಚು ಜಾಸ್ತಿ ಅಂತ ಅರ್ಥವಾಯಿತು. ಬಿಎಂಡಬ್ಲ್ಯೂ ಝಡ್4, ಟೊಯೋಟಾ ಸುಪ್ರಾ ನೋಡು. ಎರಡೂ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಒಂದೇ ಕಾರ್ಖಾನೆಯಲ್ಲಿ ತಯಾರಾದ ಗಾಡಿ, ಅಡಿಪಾಯ ಒಂದೇ. ಬಿಎಂಡಬ್ಲ್ಯೂ ಓಪನ್ ಮಾತ್ರ ಇಟ್ಟುಕೊಂಡಿತು, ಟೊಯೋಟಾ ಕೂಪೆ ಮಾತ್ರ. ಯಾರಿಗೆ ಏನು ಬೇಕು ಅಂತ ಮೊದಲೇ ಕೂತು ಹಂಚಿಕೊಂಡರು. ನೀವಿಬ್ಬರು ಅಕ್ಕ ತಮ್ಮ ಅಷ್ಟೂ ಮಾಡಲ್ಲ.

ಕಾವ್ಯ: ಇವೆಲ್ಲ ಆಮೇಲೆ. ನಿಖಿಲ್, ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀಯ?

ನಿಖಿಲ್: ಅಪಾರ್ಟ್‌ಮೆಂಟ್ ಹಿಂದೆ. ಗರಾಜ್ ಇಲ್ಲ. ರೆಡ್‌ವುಡ್ ಮರದ ಕೆಳಗೆ ಒಂದು ಜಾಗ ಕೊಟ್ಟಿದ್ದಾರೆ.

ಕಾವ್ಯ: ಹಾಗಾದರೆ ಕೇಳು. ಬಟ್ಟೆ ಟಾಪ್ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡು ಕಡೆ ಇರೋ ಸಣ್ಣ ತೂತಿನಿಂದ ಕೆಳಗೆ ಹೋಗಬೇಕು. ರೆಡ್‌ವುಡ್‌ನ ಸೂಜಿಯಂಥ ಎಲೆ ಹೋಗಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಬೇಸಿಗೆಯೆಲ್ಲ ಮಳೆ ಇಲ್ಲ, ನಿನಗೆ ಗೊತ್ತೇ ಆಗಲ್ಲ. ನವೆಂಬರ್‌ನಲ್ಲಿ ಮೊದಲ ಮಳೆ ಬಂದಾಗ ನೀರು ಒಳಗೆ. ಕಾರ್ಪೆಟ್ ಕೆಳಗಿನ ಸ್ಪಂಜ್ ನೆನೆದು ವಾರಗಟ್ಟಲೆ ವಾಸನೆ. ನನ್ನ ಹಳೆಯ ರೂಮ್‌ಮೇಟ್ ಗಾಡಿಯಲ್ಲಿ ಬಟ್ಟಲಲ್ಲಿ ನೀರು ಮೊಗೆದು ಹಾಕಿದ್ದೇವೆ ನಾವಿಬ್ಬರು.

ಕಾವ್ಯ: ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ರಸ್ತೆಯಲ್ಲಿ ನಿಲ್ಲಿಸಿದರೆ ಗಾಜು ಒಡೆಯೋ ಕಳ್ಳರು ಬೇರೆ. ಬಟ್ಟೆಗೆ ಬ್ಲೇಡ್ ಸಾಕು. ಅದಕ್ಕೇ ಕೆಲವರು ಒಳಗೆ ಏನೂ ಇಡದೆ ಬಾಗಿಲಿಗೆ ಲಾಕ್ ಹಾಕದೇ ಬಿಟ್ಟು ಹೋಗುತ್ತಾರೆ. ಕಳ್ಳ ಬಾಗಿಲು ತೆಗೆದು ನೋಡಿಕೊಂಡು ಹೋಗಲಿ, ಟಾಪ್ ಉಳಿಯಲಿ ಅಂತ.

ಗೀತಾ: ಲಾಕ್ ಹಾಕದೇ ಹೋಗುತ್ತಾರಾ!

ದೊಡ್ಡಪ್ಪ: ನಮ್ಮ ಓಣಿಯಲ್ಲಿ ಸೈಕಲ್‌ಗೂ ಬೀಗ ಹಾಕುತ್ತೇವೆ.

ಪ್ರಶಾಂತ್: ಒಪ್ಪಿದೆ. ತಿಂಗಳಿಗೊಮ್ಮೆ ಆ ತೂತು ಸ್ವಚ್ಛ ಮಾಡಬೇಕು. ಅದು ಐದು ನಿಮಿಷದ ಕೆಲಸ. ಅದಕ್ಕೆ ಹೆದರಿ ಸಂಜೆ ಆರು ಗಂಟೆಗೆ ಸ್ಕೈಲೈನ್ ಮೇಲೆ ಟಾಪ್ ತೆಗೆದು ಹೋಗೋದನ್ನು ಬಿಡಬೇಕಾ? ಅರವತ್ತು ಕಿಲೋಮೀಟರ್ ವೇಗದಲ್ಲೇ ಖುಷಿ ಸಿಗುತ್ತದೆ ಅದರಲ್ಲಿ. ಕೂಪೆಯಲ್ಲಿ ಅಷ್ಟು ಖುಷಿ ಬರಬೇಕಾದರೆ ಪೊಲೀಸ್ ಹಿಡಿಯೋ ವೇಗಕ್ಕೆ ಹೋಗಬೇಕು.

ರಘು ಮಾವ: ಇದು ಮಾತ್ರ ನಿಜ. ಒಪ್ಪಿದೆ.

ನಿಖಿಲ್: ಒಂದು ವಿಷಯ ಹೇಳೋದು ಬಿಟ್ಟಿದ್ದೆ. ಆಫೀಸಿನವರು ಕೆಲವರು ಟ್ರ್ಯಾಕ್ ಡೇಗೆ ಹೋಗುತ್ತಾರೆ, ಮಾಂಟೆರೆ ಹತ್ತಿರ ಲಗೂನಾ ಸೆಕಾಗೆ. ನಾನೂ ವರ್ಷಕ್ಕೆ ಎರಡು ಮೂರು ಸಲ ಹೋಗೋಣ ಅಂತಿದ್ದೇನೆ.

ಪ್ರಶಾಂತ್: ಇದನ್ನು ಈಗ ಹೇಳುತ್ತೀಯಾ!

ಗೀತಾ: ಟ್ರ್ಯಾಕ್ ಅಂದರೆ ರೇಸಾ?

ನಿಖಿಲ್: ರೇಸ್ ಅಲ್ಲಮ್ಮ. ಕಲಿಸೋಕೆ ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ.

ರಘು ಮಾವ: ಹಾಗಾದರೆ ಓಪನ್ ಗಾಡಿಗೆ ಅಲ್ಲಿ ರೋಲ್ ಬಾರ್ ಕೇಳುತ್ತಾರಲ್ಲ?

ಪ್ರಶಾಂತ್: ಬಹಳ ಕಡೆ ಕೇಳುತ್ತಾರೆ ಮಾವ. ಕಂಪನಿ ಕೊಟ್ಟ ಚಿಕ್ಕ ಕಂಬವನ್ನು ಎಷ್ಟೋ ಜನ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ, ಹೊರಗಿನಿಂದ ಬೇರೆ ಹಾಕಿಸಬೇಕು. ಆಮೇಲೆ ಕೋಲಿನ ಪರೀಕ್ಷೆ. ಹೆಲ್ಮೆಟ್ ಹಾಕಿ ಕೂತಾಗ ಹಿಂದಿನ ಬಾರ್ ಮೇಲಿನಿಂದ ಮುಂದಿನ ಗಾಜಿನ ಅಂಚಿಗೆ ಒಂದು ಕೋಲು ಇಡುತ್ತಾರೆ. ಹೆಲ್ಮೆಟ್ ಕೋಲಿಗಿಂತ ಕೆಳಗಿರಬೇಕು.

ಕಾವ್ಯ: ಆರಡಿ ಎರಡಿಂಚು.

ಪ್ರಶಾಂತ್: ಗೊತ್ತು ಗೊತ್ತು.

ರಘು ಮಾವ: ಕೂತು ನೋಡಿದ್ದೀಯಾ ಮರೀ, ಫೋಟೊ ಮಾತ್ರವಾ?

ನಿಖಿಲ್: ಫೋಟೊ ಮಾತ್ರ. ಇವತ್ತು ಹೋಗುತ್ತೇನೆ.

ಭಾನುವಾರ

ನಿಖಿಲ್: ಎರಡರಲ್ಲೂ ಕೂತು ಬಂದೆ. ಮಿಯಾಟಾದಲ್ಲಿ ಸ್ಟಿಯರಿಂಗ್ ಮುಂದೆ ಹಿಂದೆ ಸರಿಯುತ್ತದೆ, 2019ರಿಂದ ಬಂದದ್ದಂತೆ, ಹಾಗಾಗಿ ಮೊಣಕಾಲು ತಾಗಲಿಲ್ಲ. ಆದರೆ ಗಾಜಿನ ಮೇಲಂಚು ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ. ಸಿಗ್ನಲ್ ನೋಡಬೇಕಾದರೆ ತಲೆ ಬಗ್ಗಿಸಬೇಕು. ಡಿಕ್ಕಿಯಲ್ಲಿ ಒಂದು ಕ್ಯಾಬಿನ್ ಬ್ಯಾಗ್, ಒಂದು ಕೈಚೀಲ, ಅಷ್ಟೆ. ಟೆಸ್ಟ್ ಡ್ರೈವ್ ಮಾತ್ರ ಭಾರೀ ಮಜಾ ಬಂತು, ಸುಳ್ಳು ಹೇಳಲ್ಲ.

ನಿಖಿಲ್: 86ರಲ್ಲಿ ಹೆಲ್ಮೆಟ್ ಹಾಕಿದರೆ ತಲೆ ರೂಫ್‌ಗೆ ತಾಗುತ್ತದೆ. ಸೀಟು ಸ್ವಲ್ಪ ಒರಗಿಸಿದರೆ ಸರಿಯಾಗುತ್ತದೆ. ಹಿಂದಿನ ಸೀಟು ಮಡಚಿದರೆ ನಾಲ್ಕು ಟೈರ್ ಹಿಡಿಸುತ್ತದಂತೆ. 86 ತಗೊಳ್ಳುತ್ತೇನೆ.

ಪ್ರಶಾಂತ್: ಡಿಸೆಂಬರ್‌ನಲ್ಲಿ ಬರುತ್ತೇನಲ್ಲ, ಆಗ ಒಂದು ದಿನಕ್ಕೆ ಮಿಯಾಟಾ ಬಾಡಿಗೆಗೆ ತಗೊಳ್ಳೋಣ. ನಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಬಗ್ಗಿ ಕೂತಿರು.

ಕಾವ್ಯ: ಡಿಸೆಂಬರ್‌ನಲ್ಲಿ ಇಲ್ಲಿ ಮಳೆ.

ರಘು ಮಾವ: ದುಡ್ಡು ಕೊಡೋಕೆ ಮುಂಚೆ ಬೇರೆ ಮೆಕ್ಯಾನಿಕ್ ಹತ್ತಿರ ಗಾಡಿ ಲಿಫ್ಟ್ ಮೇಲೆ ಹತ್ತಿಸಿ ನೋಡಿಸು. ಹಿಂದಿನವರು ಟ್ರ್ಯಾಕ್‌ನಲ್ಲಿ ಓಡಿಸಿದ್ದಾರಾ ಕೇಳು, ಬಾಯಿಮಾತು ನಂಬಬೇಡ. ಬ್ರೇಕ್ ಡಿಸ್ಕಿನ ಅಂಚು ಸವೆದಿದೆಯಾ, ಟೈರಿನ ಹೊರ ಅಂಚು ತಿಂದಿದೆಯಾ, ಎಂಜಿನ್ ಕೆಳಗೆ ಆಯಿಲ್ ಜಿನುಗು ಇದೆಯಾ, ಮೂರರದ್ದೂ ಫೋಟೊ ಇಲ್ಲಿ ಹಾಕು.

ನಿಖಿಲ್: ಸರಿ ಮಾವ. ಮಂಗಳವಾರ ಬೆಳಿಗ್ಗೆಗೆ ಟೈಮ್ ಸಿಕ್ಕಿದೆ.

ಗೀತಾ: ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕೇಳಿದೆಯಾ?

ನಿಖಿಲ್: ಅಮ್ಮಾ, ಅದನ್ನು ನಿನಗೆ ಫೋನ್‌ನಲ್ಲಿ ಹೇಳುತ್ತೇನೆ.