ವರಮಾನ ಏರಿದೆ, ಕಾರ್ಯಾಚರಣಾ ಲಾಭ ಇಳಿದಿದೆ, ನಿವ್ವಳ ಲಾಭ ಮತ್ತೆ ಏರಿದೆ: ಹಡಗು ಕಂಪನಿಯ ತ್ರೈಮಾಸಿಕ ಲೆಕ್ಕವನ್ನು ಹೇಗೆ ಓದಬೇಕು?

ಪ್ರಶ್ನೆ:
ಬಲ್ಕ್ ಹಡಗು (ಧಾನ್ಯ, ಕಲ್ಲಿದ್ದಲಿನಂಥ ಸಡಿಲ ಸರಕಿನದು), ಟ್ಯಾಂಕರ್, ಬಂದರು ಟರ್ಮಿನಲ್, ಗೋದಾಮು ಎಲ್ಲವನ್ನೂ ನಡೆಸುವ ಕಂಪನಿಯೊಂದರ ತ್ರೈಮಾಸಿಕ ಫಲಿತಾಂಶವನ್ನು ಎರಡು ದಿನಗಳಿಂದ ಓದುತ್ತಿದ್ದೇನೆ. ಕಳೆದ ವರ್ಷದ ಇದೇ ಅವಧಿಗೆ ಹೋಲಿಸಿದರೆ ವರಮಾನ ಹೆಚ್ಚಿದೆ, ಕಾರ್ಯಾಚರಣಾ ಲಾಭ ಕುಸಿದಿದೆ, ಆದರೂ ನಿವ್ವಳ ಲಾಭ ಏರಿದೆ. ಈ ಮೂರೂ ಒಟ್ಟಿಗೆ ನಿಜವಾಗುವುದು ಹೇಗೆಂದು ತಿಳಿಯುತ್ತಿಲ್ಲ.

ಉತ್ತರ 1:
ಮೊದಲು ಹಡಗು ಮಾರಾಟದ ಸಾಲನ್ನು ಹುಡುಕಿ. ವರ್ಷ ವರ್ಷವೂ ಸವಕಳಿ ಕಳೆದು ಪುಸ್ತಕದಲ್ಲಿ ಅಲ್ಪ ಬೆಲೆಗೆ ಇಳಿದಿರುವ ಹಳೆಯ ಟ್ಯಾಂಕರನ್ನು ಮಾರುಕಟ್ಟೆ ಬಿಸಿಯಾಗಿರುವಾಗ ಮಾರಿದರೆ ಬರುವ ವ್ಯತ್ಯಾಸ ಲಾಭವೇ ಹೌದು, ಆದರೆ ಅದು ಮುಂದಿನ ತ್ರೈಮಾಸಿಕದಲ್ಲಿ ಮರಳಿ ಬರುವುದಿಲ್ಲ. ನಿಮ್ಮ ಕಂಪನಿ ಅದನ್ನು ಕಾರ್ಯಾಚರಣಾ ಲಾಭದ ಕೆಳಗೆ ತೋರಿಸಿರಬೇಕು, ಹಾಗಾಗಿ ನಿವ್ವಳ ಲಾಭ ಮಾತ್ರ ಏರಿದೆ.

ವರಮಾನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಡಗನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ಟೈಮ್ ಚಾರ್ಟರ್, ಒಂದು ಪ್ರಯಾಣಕ್ಕೆ ಇಷ್ಟೆಂದು ಕೊಡುವುದು ವಾಯೇಜ್ ಚಾರ್ಟರ್. ಟೈಮ್ ಚಾರ್ಟರ್‌ನಲ್ಲಿ ಇಂಧನ, ಬಂದರು, ಕಾಲುವೆ ಶುಲ್ಕಗಳು ಬಾಡಿಗೆದಾರನ ತಲೆಯ ಮೇಲಿದ್ದರೆ, ವಾಯೇಜ್ ಚಾರ್ಟರ್‌ನಲ್ಲಿ ಹಡಗಿನ ಮಾಲೀಕನೇ ಅವನ್ನು ಭರಿಸಿ ಸಾಗಣೆ ದರದಲ್ಲಿ ವಸೂಲು ಮಾಡುತ್ತಾನೆ. ಉದಾಹರಣೆಗೆ, 30 ದಿನಗಳ ಪ್ರಯಾಣಕ್ಕೆ 12 ಲಕ್ಷ ಡಾಲರ್ ಬಂದು 6 ಲಕ್ಷ ಡಾಲರ್ ಇಂಧನ, ಬಂದರುಗಳಿಗೆ ಹೋದರೆ ಉಳಿಯುವುದು ದಿನಕ್ಕೆ 20,000 ಡಾಲರ್. ಅದೇ ಹಡಗನ್ನು ದಿನಕ್ಕೆ 20,000ದಂತೆ ಟೈಮ್ ಚಾರ್ಟರ್‌ಗೆ ಕೊಟ್ಟಿದ್ದರೆ ವರಮಾನ 6 ಲಕ್ಷ ಮಾತ್ರ. ಗಳಿಕೆಯಲ್ಲಿ ಒಂದು ಕಾಸಿನ ವ್ಯತ್ಯಾಸವೂ ಇಲ್ಲ. ಆದ್ದರಿಂದ ಒಟ್ಟು ವರಮಾನವನ್ನು ಬಿಟ್ಟು, ದಿನವೊಂದರ ಟಿಸಿಇ ದರವನ್ನು, ಅಂದರೆ ಪ್ರಯಾಣದ ವೆಚ್ಚ ಕಳೆದು ದಿನಕ್ಕೆ ಉಳಿಯುವ ಗಳಿಕೆಯನ್ನು, ನೋಡಿ. 2023ರ ಕೊನೆಯಿಂದ ಕೆಂಪು ಸಮುದ್ರವನ್ನು ತಪ್ಪಿಸಿ ಗುಡ್ ಹೋಪ್ ಭೂಶಿರವನ್ನು ಸುತ್ತಿದ ಹಡಗುಗಳ ಲೆಕ್ಕದಲ್ಲಂತೂ ಸಾಗಣೆ ದರ, ಇಂಧನ ವೆಚ್ಚ ಎರಡೂ ಹಿಗ್ಗಿದ್ದವು.

ಉತ್ತರ 2:
ಮೇಲಿನ ಮಾತಿಗೆ ಡ್ರೈಡಾಕ್ ಅನ್ನು, ಅಂದರೆ ಹಡಗನ್ನು ನೀರಿನಿಂದ ಹೊರತಂದು ದುರಸ್ತಿ ಮಾಡುವುದನ್ನು, ಸೇರಿಸುತ್ತೇನೆ. ಐದು ವರ್ಷಗಳಲ್ಲಿ ಎರಡು ಬಾರಿ ಹಡಗಿನ ತಳದ ತಪಾಸಣೆ ಆಗಲೇಬೇಕು. ದುರಸ್ತಿಯ ಖರ್ಚನ್ನು ಸಾಮಾನ್ಯವಾಗಿ ಹಲವು ವರ್ಷಗಳಿಗೆ ಹಂಚುತ್ತಾರೆ, ಆದರೆ ಹಡಗು ನಿಂತ ದಿನಗಳ ಬಾಡಿಗೆ ಆ ತ್ರೈಮಾಸಿಕದಲ್ಲೇ ಖೋತಾ. ನಾನು ಇಂಥದೇ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾಗ, ಮೂರು ಹಡಗುಗಳು ಒಟ್ಟಿಗೆ ಡಾಕಿಗೆ ಹೋದ ತ್ರೈಮಾಸಿಕವನ್ನು ಹೂಡಿಕೆದಾರರಿಗೆ ವಿವರಿಸುವುದೇ ಒಂದು ಕೆಲಸವಾಗಿತ್ತು. ‘ಕಾರ್ಯನಿರತ ದಿನಗಳು’ ಎಂಬ ಅಂಕಣವನ್ನು ಒಮ್ಮೆ ನೋಡಿ.

ಪ್ರಶ್ನಿಸಿದವರು:
ಎರಡೂ ಸಿಕ್ಕಿತು, ಧನ್ಯವಾದಗಳು. ಒಂದು ಟ್ಯಾಂಕರ್ ಮಾರಾಟವಾಗಿದೆ, ಬಲ್ಕ್ ವಿಭಾಗದ ಕಾರ್ಯನಿರತ ದಿನಗಳು ಇಳಿದಿವೆ. ಆದರೆ ಲಾಜಿಸ್ಟಿಕ್ಸ್ ವಿಭಾಗದ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) ಚೆನ್ನಾಗಿ ಬೆಳೆದಿದೆ. ಹಡಗಿನ ಏರಿಳಿತವನ್ನು ಅದು ತುಂಬಿಕೊಡುತ್ತದೆ ಎಂದು ಆಡಳಿತ ಮಂಡಳಿ ಹೇಳುವುದನ್ನು ನಂಬಬಹುದೇ?

ಉತ್ತರ 3:
ಅರ್ಧ ನಂಬಿ. 2019ರಲ್ಲಿ ಗುತ್ತಿಗೆ-ಬಾಡಿಗೆಗಳ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಫ್‌ಆರ್‌ಎಸ್ 16 ಜಾರಿಯಾದ ಮೇಲೆ, ಅದನ್ನು ಅನುಸರಿಸುವ ಕಂಪನಿಗಳಲ್ಲಿ ಗೋದಾಮುಗಳ ದೀರ್ಘಾವಧಿ ಬಾಡಿಗೆ ಬಹುಪಾಲು ಸವಕಳಿ ಮತ್ತು ಬಡ್ಡಿಯ ಸಾಲುಗಳಿಗೆ ಸರಿದಿದೆ. ಹೀಗಾಗಿ ಹೊಸ ಗೋದಾಮು ಹಿಡಿದಷ್ಟೂ ಎಬಿಟ್ಡಾ ಉಬ್ಬುತ್ತದೆ, ಬಾಡಿಗೆ ಮಾತ್ರ ಎಂದಿನಂತೆ ಕೈಬಿಟ್ಟು ಹೋಗುತ್ತಿರುತ್ತದೆ. ಆ ವಿಭಾಗಕ್ಕೆ ಸವಕಳಿ ಕಳೆದ ನಂತರದ ಲಾಭವೇ ಅಳತೆಗೋಲು.

ತುಂಬಿಕೊಡುವ ಮಾತಿಗೆ ಬಂದರೆ, ಟರ್ಮಿನಲ್ ಮತ್ತು ಲಾಜಿಸ್ಟಿಕ್ಸ್ ಎರಡನ್ನೂ ದೊಡ್ಡದಾಗಿ ನಡೆಸುವ ಕಂಟೇನರ್ ಹಡಗು ಕಂಪನಿ ಮಾರ್ಸ್ಕ್‌ನ ಕಾರ್ಯಾಚರಣಾ ಲಾಭ 2022ರಲ್ಲಿ ಸುಮಾರು 3,090 ಕೋಟಿ ಡಾಲರ್ ಇದ್ದದ್ದು 2023ರಲ್ಲಿ ಸುಮಾರು 390 ಕೋಟಿಗೆ ಇಳಿಯಿತು. ಆ ವರ್ಷದ ಕೊನೆಯ ತ್ರೈಮಾಸಿಕದಲ್ಲಿ ನಷ್ಟವೇ ಆಯಿತು. ಕಂಟೇನರ್ ದರ ಕುಸಿದಾಗ ಉಳಿದ ವಿಭಾಗಗಳು ಆ ಹಳ್ಳವನ್ನು ಮುಚ್ಚುವಷ್ಟು ದೊಡ್ಡವಾಗಿರಲಿಲ್ಲ. ನಿಮ್ಮ ಕಂಪನಿಯಲ್ಲೂ ವಿಭಾಗವಾರು ಟಿಪ್ಪಣಿಯಲ್ಲಿ ಲಾಜಿಸ್ಟಿಕ್ಸ್‌ನ ಪಾಲು ಎಷ್ಟೆಂದು ನೋಡಿ. ಜೊತೆಗೆ ಅದರ ವರಮಾನದಲ್ಲಿ ಕಂಪನಿಯ ಸ್ವಂತ ಹಡಗುಗಳಿಗೇ ಮಾಡಿದ ಕೆಲಸವೆಷ್ಟು, ಹೊರಗಿನ ಗ್ರಾಹಕರದ್ದೆಷ್ಟು ಎಂಬುದನ್ನೂ ಬೇರ್ಪಡಿಸಿಕೊಳ್ಳಿ.