ಬೇಯಿಸಿದ ಬೀನ್ಸ್ 14 ಬಾಟಲಿ ಮುಚ್ಚಿಟ್ಟಿದ್ದೇನೆ, ಇಟ್ಟುಕೊಳ್ಳಲಾ, ಎಸೆಯಲಾ?

ಹಳೇಟಾರ್ಚ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ತಿಂಗಳ ಹಿಂದೆ ಗಾಳಿಮಳೆಗೆ ಕರೆಂಟ್ ಹೋಯಿತು. ಮೂರು ರಾತ್ರಿ ಬರಲೇ ಇಲ್ಲ. ಎರಡನೇ ದಿನ ಬೆಳಿಗ್ಗೆ ನಲ್ಲಿಯೂ ನಿಂತಿತು, ಪಂಪ್ ಓಡಬೇಕಲ್ಲ. ಮನೆಯಲ್ಲಿ ಐದು ಜನ: ನಾನು, ಗಂಡ, ಒಂಬತ್ತು ವರ್ಷದ ಮಗಳು, ಎಂಟು ತಿಂಗಳ ಮಗ, ದಿನಾ ಬಿಪಿ ಮಾತ್ರೆ ತೆಗೆದುಕೊಳ್ಳುವ ಅತ್ತೆ. ಟಾರ್ಚ್ ತೆಗೆದರೆ ಒಳಗೆ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿಕೊಂಡಿತ್ತು. ಫೋನಿನಲ್ಲಿ 11 ಪರ್ಸೆಂಟ್. ಅಕ್ಕಿ ಮಾತ್ರ ತಿಂಗಳಿಗಾಗುವಷ್ಟು ಇತ್ತು. ಬೇಯಿಸಲು ನೀರು? ಅರ್ಧ ಕ್ಯಾನು. ಡ್ರಮ್ ತುಂಬ ಅಕ್ಕಿ ಇಟ್ಟುಕೊಂಡು ಮಗಳಿಗೆ ಬಿಸ್ಕತ್ತು ಕೊಟ್ಟು ಮಲಗಿಸಿದೆ.

ಆಮೇಲೆ ನನಗೆ ಹಟ ಬಂತು. ವಿಡಿಯೋ ಮೇಲೆ ವಿಡಿಯೋ ನೋಡಿದೆ. ಗಾಜಿನ ಬಾಟಲಿ 14 ತಂದೆ. ಬೀನ್ಸ್ ಕಾಳು ಬೇಯಿಸಿ, ಉಪ್ಪು ಹಾಕಿ, ಬಿಸಿ ಇರುವಾಗಲೇ ತುಂಬಿ ಮುಚ್ಚಳ ಬಿಗಿ ಮಾಡಿದೆ. ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ 45 ನಿಮಿಷ ಇಟ್ಟೆ. ತಣ್ಣಗಾಗುವಾಗ ಮುಚ್ಚಳಗಳು ಟಕ್ ಟಕ್ ಅಂತ ಒಳಗೆ ಎಳೆದುಕೊಂಡವು. ಆ ಸದ್ದು ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ! ಇಪ್ಪತ್ತು ದಿನದಿಂದ ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಕೂತಿವೆ.

ನಿನ್ನೆ ಗಂಡ ಕೇಳಿದರು, "ಇದು ಕೆಡುವುದಿಲ್ವಾ?" ಒಂದು ತೆಗೆದು ನೋಡಿದೆ. ವಾಸನೆ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ. ಬಾಯಿಗೆ ಹಾಕುವ ಹೊತ್ತಿಗೆ ಯಾಕೋ ಕೈ ತಡೆಯಿತು. ತಿನ್ನಬಹುದಾ?

ಇನ್ನೆರಡು ಪ್ರಶ್ನೆ. ನೀರು ಎಷ್ಟು ಇಡಬೇಕು? ಪಾಲಿಶ್ ಮಾಡದ ಕಂದು ಅಕ್ಕಿ 20 ಕೆಜಿ ತಂದಿದ್ದೇನೆ, ವರ್ಷಗಟ್ಟಲೆ ಇರುತ್ತದಾ?

ಗಾಜಿನಜಾಡಿ:

ಮೇಡಂ, ಮೊದಲು ಆ ಬಾಟಲಿಗಳನ್ನು ಬದಿಗಿಡಿ. ರುಚಿ ಕೂಡ ನೋಡಬೇಡಿ, ನಾಲಿಗೆ ತುದಿಗೂ ಬೇಡ. ಬಾಯಿಗೆ ಹಾಕಲಿಲ್ಲವಲ್ಲ, ಒಳ್ಳೆಯದಾಯಿತು.

ಹನ್ನೊಂದು ವರ್ಷದಿಂದ ಬಾಟಲಿ ತುಂಬುತ್ತಿದ್ದೇನೆ. ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ಹಾಗಾಗಿ ಬೈಯುತ್ತಿಲ್ಲ.

ಸಮಸ್ಯೆ ಇರುವುದು ಕ್ಲಾಸ್ಟ್ರಿಡಿಯಮ್ ಬಾಟ್ಯುಲೈನಮ್ ಅನ್ನುವ ಬ್ಯಾಕ್ಟೀರಿಯಾದಲ್ಲಿ. ಮಣ್ಣಿನಲ್ಲಿ ಇರುತ್ತದೆ, ತರಕಾರಿ ಕಾಳುಗಳ ಜೊತೆ ಮನೆಗೆ ಬರುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಕಣ, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ಸಾಯುವುದಿಲ್ಲ. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಬೀಜಕಣಕ್ಕೆ 116ರಿಂದ 121 ಡಿಗ್ರಿ ಬೇಕು, ಅದೂ ಸಾಕಷ್ಟು ಹೊತ್ತು. ಬದುಕಿ ಉಳಿದದ್ದು ಬೆಳೆದು ವಿಷ ಉಗುಳಲು ಮುಂದೆ ಏನು ಬೇಕು? ಗಾಳಿ ಇಲ್ಲದ ಜಾಗ, ತೇವ, ಹುಳಿ ಇಲ್ಲದ ಆಹಾರ, ಕೋಣೆಯ ಬಿಸಿ. ನೀವು ಮುಚ್ಚಳ ಟಕ್ ಅನ್ನಿಸಿ ಇಷ್ಟನ್ನೂ ಒದಗಿಸಿದ್ದೀರಿ! ಆ ಸದ್ದಿನಿಂದ ಗಾಳಿ ಹೋಯಿತು ಅಂತ ಮಾತ್ರ ಗೊತ್ತಾಗುತ್ತದೆ. ಒಳಗಿನದು ಸುರಕ್ಷಿತ ಅಂತ ಅಲ್ಲ.

ಇದರ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಕೆಲವು ಸಲ ಮುಚ್ಚಳ ಉಬ್ಬುತ್ತದೆ, ಕೆಲವು ಸಲ ಏನೂ ಕಾಣಿಸುವುದಿಲ್ಲ. ತಿಂದರೆ ಸಾಮಾನ್ಯವಾಗಿ 12ರಿಂದ 36 ಗಂಟೆಯಲ್ಲಿ ಕಣ್ಣಿಗೆ ಎರಡೆರಡು ಕಾಣುವುದು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಶುರುವಾಗುತ್ತದೆ. ಆಮೇಲೆ ಉಸಿರಾಟಕ್ಕೇ ಕುತ್ತು. ಹಾಗೇನಾದರೂ ಕಂಡರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಾಟಲಿಗಳನ್ನು ತೆರೆಯದೆ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಟೇಪ್ ಸುತ್ತಿ ಕಸಕ್ಕೆ ಕೊಡಿ. ನಾಯಿ ಬೆಕ್ಕಿಗೂ ಸಿಗಬಾರದು. ತೆಗೆದ ಬಾಟಲಿಯೂ ಅದರ ಜೊತೆಗೇ ಹೋಗಲಿ. ಅದನ್ನು ಇಟ್ಟ ಜಾಗವನ್ನು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿ, ಕೈ ಸೋಪಿನಲ್ಲಿ ತೊಳೆಯಿರಿ.

ಕಂದು ಅಕ್ಕಿ ವರ್ಷಗಟ್ಟಲೆ ಇರುವುದಿಲ್ಲ. ತೌಡಿನಲ್ಲಿ ಎಣ್ಣೆ ಇರುತ್ತದೆ. ಆರು ತಿಂಗಳ ಹೊತ್ತಿಗೆ ಕಮಟು ವಾಸನೆ ಬರಲು ಶುರುವಾಗುತ್ತದೆ. ಈಗಿನಿಂದಲೇ ಅಡುಗೆಗೆ ಬಳಸಿ. ಶೇಖರಿಸಿ ಇಡಲು ಬಿಳಿ ಅಕ್ಕಿಯೇ ಸರಿ.

ಹಳೇಟಾರ್ಚ್:

ಓದಿ ಕೈಕಾಲು ತಣ್ಣಗಾಯಿತು. ನನ್ನ ಹತ್ತಿರ ಐದು ಲೀಟರಿನ ಪ್ರೆಶರ್ ಕುಕ್ಕರ್ ಇದೆಯಲ್ಲ, ಅದರಲ್ಲಿ 120 ಡಿಗ್ರಿ ಬರುತ್ತದೆ ಅಂತಾರೆ. ಹೊಸದಾಗಿ ಬೇಯಿಸಿ ಬಾಟಲಿಗಳನ್ನು ಅದರೊಳಗೆ ಇಟ್ಟು ನಾಲ್ಕು ವಿಶಲ್ ಹೆಚ್ಚು ಹಾಕಿಸಿದರೆ?

ಗಾಜಿನಜಾಡಿ:

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಬೇಡ ಮೇಡಂ. ವಿಶಲ್ ಲೆಕ್ಕ ಬೇಳೆ ಬೇಯಿಸಲು ಸರಿ, ಇದಕ್ಕಲ್ಲ.

ಬಾಟಲಿ ತುಂಬಲೆಂದೇ ಬೇರೆ ದೊಡ್ಡ ಪಾತ್ರೆ ಬರುತ್ತದೆ, ಪ್ರೆಶರ್ ಕ್ಯಾನರ್. ಅದರಲ್ಲಿ ಒತ್ತಡ ಎಷ್ಟಿದೆ ಅಂತ ಗೊತ್ತಾಗುತ್ತದೆ, ನಿಧಾನವಾಗಿ ಬಿಸಿಯಾಗಿ ನಿಧಾನವಾಗಿ ಆರುತ್ತದೆ. ಬಾಟಲಿಯ ನಟ್ಟನಡುವಿನ ಕಾಳಿಗೂ ಬಿಸಿ ತಲುಪಬೇಕಲ್ಲ, ಪರೀಕ್ಷಿಸಿ ಕೊಟ್ಟಿರುವ ಸಮಯ ಈ ಏರುವ ಇಳಿಯುವ ಹೊತ್ತನ್ನೂ ಸೇರಿಸಿ ಹಾಕಿದ ಲೆಕ್ಕ. ಅಡುಗೆ ಕುಕ್ಕರ್ ಬೇಗ ಬಿಸಿಯಾಗಿ ಬೇಗ ಆರುತ್ತದೆ, ಆ ಲೆಕ್ಕ ಅದಕ್ಕೆ ಕೂರುವುದಿಲ್ಲ.

ಬರೀ ಕುದಿನೀರಿನಲ್ಲಿ ಮಾಡಬಹುದಾದದ್ದು ಹುಳಿ ಪದಾರ್ಥ. ಹುಳಿಯ ಅಳತೆಯಾದ ಪಿಎಚ್ (ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 4.6 ಅಥವಾ ಅದಕ್ಕಿಂತ ಕೆಳಗೆ ಇರಬೇಕು: ಹಣ್ಣಿನ ಜ್ಯಾಮ್, ಸಾಕಷ್ಟು ವಿನೆಗರ್ ಹಾಕಿದ ತರಕಾರಿ. ಟೊಮೆಟೊ ಸರಿಯಾಗಿ ಗಡಿಯಲ್ಲಿ ಕೂತಿದೆ. ಅದಕ್ಕೆ ಅರ್ಧ ಲೀಟರ್ ಬಾಟಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಬೇಕು, ಅಂಗಡಿಯಲ್ಲಿ ಸಿಗುವ ಬಾಟಲಿಯ ರಸ. ಹಣ್ಣಿನಿಂದ ಹಿಂಡಿದ್ದರ ಹುಳಿ ಒಂದೊಂದು ಸಲ ಒಂದೊಂದು ಥರ. ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಅಲ್ಲೂ ಇದೇ ಕಾಟ.

ನನ್ನ ಕೇಳಿದರೆ, ನೀವು ಬೀನ್ಸನ್ನು ಬಾಟಲಿಗೆ ತುಂಬುವ ಅಗತ್ಯವೇ ಇರಲಿಲ್ಲ. ಒಣ ಕಾಳನ್ನು ಹಾಗೇ ಇಟ್ಟರೆ ಬೇಕಾದಷ್ಟು ದಿನ ಇರುತ್ತದೆ. ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟು ತೆಗೆದರೆ ಹುಳದ ಮೊಟ್ಟೆ ಸಾಯುತ್ತವೆ. ಚೀಲ ಪೂರ್ತಿ ಕೋಣೆಯ ಬಿಸಿಗೆ ಬಂದ ಮೇಲೆಯೇ ಡಬ್ಬಕ್ಕೆ ಸುರಿಯಿರಿ, ಇಲ್ಲದಿದ್ದರೆ ತೇವ ಕೂರುತ್ತದೆ.

ಕೊಡಪಾನ:

ನೀರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಒಬ್ಬರಿಗೆ ದಿನಕ್ಕೆ 4 ಲೀಟರ್. ಅರ್ಧ ಕುಡಿಯಲು, ಅರ್ಧ ಅಡುಗೆಗೆ ಮತ್ತು ಕೈಬಾಯಿ ತೊಳೆಯಲು. ಇದು ಕಡಿಮೆ ಎಂದರೆ ಇಷ್ಟು. ಸೆಕೆ ಇದ್ದರೆ, ಹಾಲೂಡಿಸುವ ತಾಯಿ ಇದ್ದರೆ ಜಾಸ್ತಿ ಬೇಕು. ಮೂರು ದಿನದ್ದು ಇರಲೇಬೇಕು, ಜಾಗ ಇದ್ದರೆ ಎರಡು ವಾರದ್ದು.

ಹಾಲಿನ ಕ್ಯಾನಿನಲ್ಲಿ ತುಂಬಬೇಡಿ. ಎಷ್ಟು ತೊಳೆದರೂ ಹಾಲಿನ ಅಂಶ ಪ್ಲಾಸ್ಟಿಕ್ಕಿನಲ್ಲಿ ಉಳಿದು ನೀರು ಕೆಡುತ್ತದೆ. ಮನೆಯಲ್ಲಿ ತುಂಬಿದ್ದನ್ನು ಆರು ತಿಂಗಳಿಗೊಮ್ಮೆ ಬದಲಿಸಿ.

ನೀರಿನ ಮೇಲೆ ಅನುಮಾನ ಬಂದರೆ ಕುದಿಸುವುದೇ ಒಳ್ಳೆಯದು. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಸಾಕು, 2000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ. ಗ್ಯಾಸ್ ಇಲ್ಲವಾ? ವಾಸನೆ ಸೇರಿಸದ ಸಾದಾ ದ್ರವ ಬ್ಲೀಚ್, 5ರಿಂದ 6 ಪರ್ಸೆಂಟಿನದು, ಲೀಟರಿಗೆ 2 ಹನಿ. ಅರ್ಧ ಗಂಟೆ ಬಿಡಿ. ಪುಡಿಯ ಲೆಕ್ಕ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ. ಇನ್ನೊಂದು, ವರ್ಷಗಟ್ಟಲೆ ಮೂಲೆಯಲ್ಲಿದ್ದ ಬ್ಲೀಚ್ ಬಾಟಲಿಯಲ್ಲಿ ಶಕ್ತಿ ಉಳಿದಿರುವುದಿಲ್ಲ.

ಮುಚ್ಚಳಪ್ಪ:

ಇಲ್ಲಿ ಎಲ್ಲರೂ ಬುದ್ಧಿವಂತರು, ನನ್ನ ಪಾಡು ಕೇಳಿ. ಟಿನ್ ಆಹಾರ 24 ಡಬ್ಬ ತಂದಿಟ್ಟಿದ್ದೆ. ಕರೆಂಟ್ ಹೋದ ರಾತ್ರಿ ಹೆಮ್ಮೆಯಿಂದ ಒಂದು ತೆಗೆದೆ. ಓಪನರ್ ಇಲ್ಲ! ಇದ್ದದ್ದು ಕರೆಂಟಿನಲ್ಲಿ ತಿರುಗುವಂಥದ್ದು. ಸ್ಕ್ರೂಡ್ರೈವರ್ ಹಿಡಿದು ಸುತ್ತಿಗೆಯಲ್ಲಿ ಕುಟ್ಟಿ ಕೈ ಕೊಯ್ದುಕೊಂಡೆ. ಆಮೇಲೆ ಓದಿದೆ, ಟಿನ್ ಡಬ್ಬಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ, ಅದನ್ನು ತೆಗೆಯುವ ಓಪನರ್ ಬಂದದ್ದು ನಾಲ್ಕು ದಶಕ ಕಳೆದ ಮೇಲೆ. ಅಲ್ಲಿಯವರೆಗೆ ಉಳಿ, ಸುತ್ತಿಗೆ. ಅಂದರೆ ನಾನು ಸಂಪ್ರದಾಯ ಪಾಲಿಸಿದ್ದೇನೆ.

ಕೈಯಲ್ಲಿ ತಿರುಗಿಸುವ ಓಪನರ್ ಎರಡು ಇಡಿ. ಉಬ್ಬಿದ ಡಬ್ಬ, ಅಂಚಿನ ಹೊಲಿಗೆಯಲ್ಲಿ ನೆಗ್ಗಿದ ಡಬ್ಬ ಬೇಡವೇ ಬೇಡ. ಟಾರ್ಚಿನ ಸೆಲ್ಲನ್ನು ಹೊರಗೆ ತೆಗೆದು ಪಕ್ಕದಲ್ಲೇ ಕಟ್ಟಿಡಿ, ಆಗ ಟಾರ್ಚ್ ಹಾಳಾಗುವುದಿಲ್ಲ.

ರಾತ್ರಿಪಾಳಿ:

ನರ್ಸ್ ಕೆಲಸ ಮಾಡುತ್ತೇನೆ, ಬೇಗ ಬೇಗ ಹೇಳಿ ಹೋಗುತ್ತೇನೆ. ಅತ್ತೆಯ ಮಾತ್ರೆ ಯಾವಾಗಲೂ ಒಂದೆರಡು ವಾರದ್ದು ಮುಂಗಡ ಇರಲಿ. ಚೀಟಿಯ ಫೋಟೋ ಫೋನಿನಲ್ಲಿ ಮಾತ್ರ ಅಲ್ಲ, ಕಾಗದದಲ್ಲೂ ಇರಲಿ. ಜೇನುತುಪ್ಪ ಕೆಡುವುದಿಲ್ಲ ಅಂತ ಶೇಖರಿಸುವವರು ಇದ್ದಾರೆ, ಇಡಿ, ಆದರೆ ಮಗುವಿಗೆ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂಬೇಡಿ. ಮೇಲೆ ಹೇಳಿದರಲ್ಲ, ಅದೇ ಬ್ಯಾಕ್ಟೀರಿಯಾದ ಬೀಜಕಣ ಅದರಲ್ಲೂ ಇರಬಹುದು. ವಾಂತಿಭೇದಿ ಆದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಮಟ್ಟದ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಬೇಡಿ.

ಇದ್ದಿಲು ಒಲೆ, ಜನರೇಟರ್ ಮನೆಯೊಳಗೆ ಯಾವತ್ತೂ ಬೇಡ. ಕಿಟಕಿ ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೂ ವಾಸನೆ ಇಲ್ಲ.

ಹಳೇಟಾರ್ಚ್:

ಎಲ್ಲರಿಗೂ ಥ್ಯಾಂಕ್ಸ್. ಹದಿನಾಲ್ಕೂ ಬಾಟಲಿ ಎರಡೆರಡು ಚೀಲ ಸುತ್ತಿಕೊಂಡು ಇವತ್ತು ಹೋದವು. ಬೀನ್ಸಿಗಿಂತ ಆ ಗಾಜಿನ ಬಾಟಲಿಗಳಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಒಣ ಬೀನ್ಸ್ ಮೂರು ಕೆಜಿ ತಂದು ಫ್ರೀಜರಿಗೆ ಹಾಕಿದೆ. ಗಂಡ ನೋಡಿ, "ಇದನ್ನು ನೆನೆಸಲು, ಬೇಯಿಸಲು ನೀರು ಎಲ್ಲಿದೆ?" ಅಂದರು. ಮತ್ತೆ ಅಲ್ಲಿಗೇ ಬಂದೆವು. ಕೂತು ಲೆಕ್ಕ ಹಾಕಿದೆವು: ಐದು ಜನ, ದಿನಕ್ಕೆ 4 ಲೀಟರ್, ಮೂರು ದಿನಕ್ಕೆ 60. ನಾನು ಹಾಲೂಡಿಸುವವಳು, ಬೇಯಿಸುವುದೂ ಇದೆ ಅಂತ 80 ಮಾಡಿದೆವು. ಇಪ್ಪತ್ತು ಲೀಟರಿನ ಕ್ಯಾನು ನಾಲ್ಕು. ಅಟ್ಟಕ್ಕೆ ಏರಿಸುವ ತೂಕ ಅಲ್ಲ, ಮಂಚದ ಕೆಳಗೇ ಗತಿ. ಅಲ್ಲಿ ಈಗ ಮದುವೆಗೆ ಬಂದ ಮೂರು ಹಳೇ ಸೂಟ್‌ಕೇಸ್ ಇವೆ, ಅತ್ತೆ ಎಸೆಯಲು ಬಿಡುತ್ತಿಲ್ಲ. ಸದ್ಯ ಜಗಳ ಅಲ್ಲಿಗೆ ಬಂದು ನಿಂತಿದೆ.